ಕುರಿ ಮಾಂಸದ ರುಚಿಯಲ್ಲಿ ತಳಿಯ ಪಾಲೆಷ್ಟು?

ಮಳವಳ್ಳಿ, ತಿರುಮಕೂಡಲು ನರಸೀಪುರದ ಕಡೆ ನಡೆಯುವ ಯಾವುದಾದರೂ ಕುರಿ ಸಂತೆಗೆ ಹೋಗಿ ಒಂದು ಗಳಿಗೆ ನಿಂತು ನೋಡಿ. ಒಂದೇ ತೂಕದ, ಒಂದೇ ಬಿಳಿ ಬಣ್ಣದ ಎರಡು ಟಗರು ಮರಿಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಅನುಭವವುಳ್ಳ ವ್ಯಾಪಾರಿ ಒಂದರ ಸೊಂಟದ ಮೇಲೆ ಕೈಯಿಟ್ಟು ಒತ್ತುತ್ತಾನೆ, ಹಿಂದೆ ಬಂದು ತೊಡೆಯನ್ನು ನೋಡುತ್ತಾನೆ, ಮರುಮಾತಿಲ್ಲದೆ ಹೆಚ್ಚಿನ ಬೆಲೆ ಕೊಡುತ್ತಾನೆ. ಇನ್ನೊಂದನ್ನು ಬರೀ ತೂಕದ ಲೆಕ್ಕದಲ್ಲಿ ಕೇಳಿ ಮುಂದೆ ಹೋಗುತ್ತಾನೆ. ಹೆಚ್ಚು ಬೆಲೆ ಪಡೆದದ್ದು ಬಂಡೂರು ತಳಿಯ ಮರಿ.

ಈ ಹೆಚ್ಚಿನ ಬೆಲೆ ಯಾವುದಕ್ಕೆ? ಬಂಡೂರು ಕುರಿಯ ಮಾಂಸ ಮೃದು, ರುಚಿ ಹೆಚ್ಚು ಎಂಬ ಮಾತಿಗೆ. ಈ ಮಾತಿನಲ್ಲಿ ತಳಿಯ ಪಾಲೆಷ್ಟು, ಮೇವಿನ ಪಾಲೆಷ್ಟು, ಸಾಕುವವನ ಕೈಗುಣದ ಪಾಲೆಷ್ಟು ಎಂಬುದನ್ನು ಕುರಿ ಸಾಕುವ ಪ್ರತಿಯೊಬ್ಬ ರೈತನೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಎಲ್ಲವೂ ತಳಿಯಿಂದಲೇ ಎಂದು ನಂಬಿದವನು ಮೇವಿನ ಕಡೆ ಅಲಕ್ಷ್ಯ ಮಾಡುತ್ತಾನೆ. ಎಲ್ಲವೂ ಮೇವಿನಿಂದಲೇ ಎಂದು ನಂಬಿದವನು ಸಿಕ್ಕ ಟಗರನ್ನು ಹಿಂಡಿಗೆ ಬಿಟ್ಟು ತಳಿಯನ್ನೇ ಕಳೆದುಕೊಳ್ಳುತ್ತಾನೆ. ಇಬ್ಬರಿಗೂ ನಷ್ಟವೇ.

ನಮ್ಮ ರಾಜ್ಯದ ಕುರಿ ತಳಿಗಳು

ಕುರಿ ಸಾಕಣೆಯಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ನಮ್ಮಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದವು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ಮೂರನೆಯ ಸ್ಥಾನ ನಮ್ಮದು.

ಇವುಗಳಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ದಖ್ಖನಿ ಕುರಿ ಹೆಚ್ಚಾಗಿ ಕಪ್ಪು ಬಣ್ಣದ್ದು. ಇದರ ಒರಟು ಉಣ್ಣೆಯಿಂದ ಕಂಬಳಿ ನೇಯುತ್ತಾರೆ. ಬಳ್ಳಾರಿ ಕುರಿಯೂ ಉಣ್ಣೆ ಮತ್ತು ಮಾಂಸ ಎರಡಕ್ಕೂ ಸಲ್ಲುವಂಥದು. ರಾಯಚೂರು ಕಡೆಯ ಕೆಂಗುರಿ ಹೆಸರೇ ಹೇಳುವಂತೆ ಕೆಂಪು ಛಾಯೆಯ, ಕೂದಲು ಮೈಯ, ದೊಡ್ಡ ಗಾತ್ರದ ಮಾಂಸದ ತಳಿ. ಹಾಸನದ ಕುರಿ ಚಿಕ್ಕ ಗಾತ್ರದ್ದು.

ಬಂಡೂರು ಕುರಿಗೆ ಮೂರು ಹೆಸರುಗಳಿವೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಬಂಡೂರು ಕುರಿ ಎಂದೂ, ನರಸೀಪುರ ತಾಲ್ಲೂಕಿನ ಬನ್ನೂರಿನಿಂದ ಬನ್ನೂರು ಕುರಿ ಎಂದೂ, ಸರ್ಕಾರದ ದಾಖಲೆಗಳಲ್ಲಿ ಮಂಡ್ಯ ಕುರಿ ಎಂದೂ ಕರೆಯುವುದು ಒಂದೇ ತಳಿಯನ್ನು. ಮೈಬಣ್ಣ ಬಿಳಿ. ಕೆಲವುಗಳಲ್ಲಿ ಮುಖ ತಿಳಿಕಂದು ಇರುತ್ತದೆ, ಅದು ಕುತ್ತಿಗೆಯವರೆಗೂ ಇಳಿದಿರಬಹುದು. ಗಂಡಿಗಾಗಲಿ ಹೆಣ್ಣಿಗಾಗಲಿ ಕೊಂಬಿಲ್ಲ. ಕಿವಿ ಉದ್ದ, ಎಲೆಯಂತೆ ಅಗಲವಾಗಿ ಕೆಳಗೆ ಜೋಲುತ್ತದೆ. ಮೂಗಿನ ದಂಡೆ ಸ್ವಲ್ಪ ಉಬ್ಬಿರುತ್ತದೆ. ಬಾಲ ಗಿಡ್ಡ ಮತ್ತು ತೆಳು. ಅನೇಕ ಕುರಿಗಳ ಕೊರಳಿನಲ್ಲಿ ಎರಡು ಮಾಂಸದ ಮಣಿಗಳು ಜೋಲುತ್ತಿರುತ್ತವೆ. ಕಾಲು ಗಿಡ್ಡ, ಮೈ ದುಂಡಗೆ. ಹಿಂದಿನಿಂದ ನೋಡಿದಾಗ ಎರಡು ತೊಡೆಗಳ ನಡುವಿನ ಜಾಗ ಬೋರಲು ಹಾಕಿದ ಲಾಳದ ಆಕಾರದಲ್ಲಿ ಕಾಣುವುದು ಇದರ ಮುಖ್ಯ ಗುರುತು. ಬೆಳೆದ ಟಗರು ಸುಮಾರು 35 ಕೆ.ಜಿ., ಹೆಣ್ಣು ಕುರಿ 23 ರಿಂದ 25 ಕೆ.ಜಿ. ತೂಗುತ್ತವೆ. ಕೆಂಗುರಿ ಟಗರು ಸುಮಾರು 50 ಕೆ.ಜಿ. ತೂಗುತ್ತದೆ. ಗಾತ್ರದ ಈ ಅಂತರವನ್ನು ನೆನಪಿನಲ್ಲಿಡಿ. ಮುಂದಿನ ವಿಷಯವೆಲ್ಲ ಇದರ ಮೇಲೆ ನಿಂತಿದೆ.

ಮಾಂಸದ ಗುಣವೆಂದರೇನು?

ಮಾಂಸ ಎಂದು ನಾವು ಕರೆಯುವುದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಸ್ನಾಯು. ಇದು ನೂಲಿನ ಎಳೆಗಳಂತಹ ಸಣ್ಣ ತಂತುಗಳ ಕಟ್ಟು. ಎರಡನೆಯದು ಈ ಕಟ್ಟುಗಳನ್ನು ಸುತ್ತಿ ಹಿಡಿದಿರುವ ಬಿಳಿಯ ಪೊರೆ ಮತ್ತು ನಾರು. ಮೂರನೆಯದು ಕೊಬ್ಬು.

ಮೃದುತ್ವ ಮುಖ್ಯವಾಗಿ ಮೊದಲ ಎರಡರಿಂದ ಬರುತ್ತದೆ. ಮರಿಯ ಮೈಯಲ್ಲಿ ಪೊರೆ ಎಳೆಯದಾಗಿರುತ್ತದೆ, ಬೇಯಿಸಿದಾಗ ಕರಗಿ ಅಂಟಾಗುತ್ತದೆ. ಪ್ರಾಣಿಗೆ ವಯಸ್ಸಾದಂತೆ ಈ ಪೊರೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆಗ ಎಷ್ಟು ಹೊತ್ತು ಬೇಯಿಸಿದರೂ ನಾರು ನಾರಾಗಿಯೇ ಉಳಿಯುತ್ತದೆ. ಮುದಿ ಕುರಿಯ ಮಾಂಸ ಜಗಿಯಲಾಗದಂತಿರಲು ಇದೇ ಕಾರಣ.

ರುಚಿ ಮತ್ತು ವಾಸನೆ ಬಹುಪಾಲು ಕೊಬ್ಬಿನಿಂದ ಬರುತ್ತವೆ. ಕೊಬ್ಬಿಲ್ಲದ ಕೆಂಪು ಮಾಂಸವನ್ನಷ್ಟೇ ಬೇಯಿಸಿದರೆ ಯಾವ ಪ್ರಾಣಿಯದೆಂದು ಹೇಳುವುದು ಕಷ್ಟ. ಇದು ಕುರಿ, ಇದು ಮೇಕೆ ಎಂದು ತಿಳಿಸುವುದು ಕೊಬ್ಬು. ಅದು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ಹೊಟ್ಟೆಯೊಳಗೆ ಗೆಡ್ಡೆಗಟ್ಟಿದ ಕೊಬ್ಬು ತಿನ್ನುವವನಿಗೆ ರುಚಿ ಕೊಡುವುದಿಲ್ಲ. ಸ್ನಾಯುವಿನ ಎಳೆಗಳ ನಡುವೆ ಸಣ್ಣ ಗೆರೆಗಳಾಗಿ ಹರಡಿದ ಕೊಬ್ಬು ಬೇಯುವಾಗ ಕರಗಿ ಮಾಂಸವನ್ನು ರಸಭರಿತವಾಗಿಡುತ್ತದೆ. ಬಂಡೂರು ಕುರಿಗೆ ಹೆಸರು ಬಂದಿರುವುದು ಈ ಬಗೆಯ ಕೊಬ್ಬಿನಿಂದ.

ತಳಿ ತರುವ ವ್ಯತ್ಯಾಸ

ಬೆಳೆಯುವ ಮರಿ ತಿಂದ ಮೇವನ್ನು ಒಂದು ಕ್ರಮದಲ್ಲಿ ಬಳಸುತ್ತದೆ. ಮೊದಲು ಮೂಳೆ, ನಂತರ ಸ್ನಾಯು, ಕೊನೆಯಲ್ಲಿ ಕೊಬ್ಬು. ಕೊಬ್ಬಿನಲ್ಲಿಯೂ ಸರದಿಯುಂಟು. ಮೂತ್ರಪಿಂಡ ಮತ್ತು ಕರುಳಿನ ಸುತ್ತಲಿನದು ಮೊದಲು, ಸ್ನಾಯುಗಳ ನಡುವಿನದು ಮತ್ತು ಚರ್ಮದ ಕೆಳಗಿನದು ನಂತರ, ಸ್ನಾಯುವಿನ ಒಳಗಿನದು ಎಲ್ಲಕ್ಕಿಂತ ಕೊನೆಗೆ. ಅಂದರೆ ರುಚಿ ಕೊಡುವ ಕೊಬ್ಬು ಬರುವ ಹೊತ್ತಿಗೆ ಪ್ರಾಣಿ ಸಾಕಷ್ಟು ಬಲಿತಿರಬೇಕು.

ಈಗ 18 ಕೆ.ಜಿ. ತೂಗುವ ಎರಡು ಟಗರು ಮರಿಗಳನ್ನು ತೆಗೆದುಕೊಳ್ಳಿ. ಒಂದು ಬಂಡೂರು, ಇನ್ನೊಂದು ಕೆಂಗುರಿ. ಬಂಡೂರು ಮರಿ ತನ್ನ ಪೂರ್ಣ ತೂಕವಾದ 35 ಕೆ.ಜಿ.ಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಟ್ಟಿದೆ. ಕೆಂಗುರಿ ಮರಿ ತನ್ನ 50 ಕೆ.ಜಿ.ಯಲ್ಲಿ ಶೇಕಡ 36ರಷ್ಟನ್ನು ಮಾತ್ರ ಮುಟ್ಟಿದೆ. ತಕ್ಕಡಿಗೆ ಎರಡೂ ಒಂದೇ. ಆದರೆ ಮೊದಲನೆಯದು ಮೈತುಂಬಿ ಕೊಬ್ಬು ಕಟ್ಟುವ ಹಂತಕ್ಕೆ ಬಂದಿದೆ, ಎರಡನೆಯದು ಇನ್ನೂ ಮೂಳೆ ಬೆಳೆಸುತ್ತಿದೆ. ಎರಡನ್ನೂ ಅದೇ ದಿನ ಕೊಯ್ದರೆ ಬಂಡೂರು ಮರಿಯಲ್ಲಿ ಮೂಳೆ ಕಡಿಮೆ, ತೊಡೆ ತುಂಬಿ, ಮಾಂಸ ರಸಭರಿತವಾಗಿರುತ್ತದೆ. ಕೆಂಗುರಿ ಮರಿಯದು ತೆಳುವಾಗಿ, ಒಣಗಿದಂತಿರುತ್ತದೆ.

ಹಾಗಾದರೆ ಕೆಂಗುರಿ ಕೆಟ್ಟ ತಳಿಯೇ? ಖಂಡಿತ ಅಲ್ಲ. ಅದನ್ನು ಅದರ ಹದಕ್ಕೆ ಬರುವ ಮೊದಲೇ ಕೊಯ್ದದ್ದು ತಪ್ಪು. ಬ್ರಿಟನ್ನಿನಲ್ಲಿ ಸೋಯೆ, ಸೌತ್‌ಡೌನ್, ಫಿನ್ನಿಷ್ ಲ್ಯಾಂಡ್‌ರೇಸ್ ಮತ್ತು ಆಕ್ಸ್‌ಫರ್ಡ್ ಡೌನ್ ಎಂಬ ನಾಲ್ಕು ಬೇರೆ ಬೇರೆ ಗಾತ್ರದ ತಳಿಗಳನ್ನು ಹೋಲಿಸಿದ ಅಧ್ಯಯನವೊಂದು 1976ರಲ್ಲಿ ಪ್ರಕಟವಾಯಿತು. ಒಂದೇ ತೂಕದಲ್ಲಿ ಅಲ್ಲದೆ, ಪ್ರತಿಯೊಂದೂ ತನ್ನ ಪೂರ್ಣ ತೂಕದ ಒಂದೇ ಪಾಲನ್ನು ಮುಟ್ಟಿದಾಗ ಹೋಲಿಸಿದರೆ, ಕೊಬ್ಬು ಮತ್ತು ಸ್ನಾಯುವಿನ ಪ್ರಮಾಣದಲ್ಲಿ ತಳಿಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಕಡಿಮೆಯಾಗುವುದು ಕಂಡುಬಂದಿತು. ಇದರಿಂದ ರೈತ ಕಲಿಯಬೇಕಾದ ಪಾಠ ಸರಳ. ಪ್ರತಿ ತಳಿಗೂ ಅದರದೇ ಆದ ಮಾರಾಟದ ತೂಕವಿದೆ. ಟಗರು ಮರಿಯನ್ನು ಅದರ ತಳಿಯ ಪೂರ್ಣ ತೂಕದ ಅರ್ಧದಿಂದ ಮೂರನೆಯ ಎರಡು ಪಾಲು ಬಂದಾಗ ಮಾರುವುದು ಸೂಕ್ತ. ಬಂಡೂರಿಗೆ ಇದು 18 ರಿಂದ 23 ಕೆ.ಜಿ., ಕೆಂಗುರಿಗೆ 25 ರಿಂದ 33 ಕೆ.ಜಿ.

ಬಂಡೂರು ತಳಿಯ ಹಿರಿಮೆ ಇರುವುದು ಇಲ್ಲಿಯೇ. ಅದು ಕಡಿಮೆ ತೂಕದಲ್ಲಿ ಹದಕ್ಕೆ ಬರುತ್ತದೆ. ಹತ್ತಿಪ್ಪತ್ತು ಗುಂಟೆಯಲ್ಲಿ ಹಸಿರು ಮೇವು ಬೆಳೆದು ಮನೆಯ ಹಿತ್ತಲಲ್ಲಿ ಎರಡು ಮೂರು ಮರಿ ಕಟ್ಟುವ ಸಣ್ಣ ರೈತನಿಗೆ ಇದು ವರದಾನ. ಬಯಲಿನಲ್ಲಿ ದೂರ ದೂರ ಮೇಯಿಸಿಕೊಂಡು ಹೋಗುವ ಕುರಿಗಾರನಿಗೆ ಉದ್ದ ಕಾಲಿನ, ದೊಡ್ಡ ಮೈಯ ತಳಿಯೇ ಸರಿ.

ದಪ್ಪ ತೊಡೆಯೆಲ್ಲ ಒಳ್ಳೆಯ ಮಾಂಸವಲ್ಲ

ಮೈತುಂಬಿಕೊಳ್ಳುವ ವೇಗ ಮಾತ್ರವಲ್ಲದೆ ಮೃದುತ್ವವೂ ಸ್ವಲ್ಪಮಟ್ಟಿಗೆ ವಂಶದಿಂದ ಬರುತ್ತದೆ. ಪ್ರಾಣಿಯನ್ನು ಕೊಯ್ದ ನಂತರ ಸ್ನಾಯುವಿನಲ್ಲಿರುವ ಕೆಲವು ಕಿಣ್ವಗಳು ಅದರ ತಂತುಗಳನ್ನು ನಿಧಾನವಾಗಿ ಸಡಿಲಿಸುತ್ತವೆ. ಈ ಕಿಣ್ವಗಳ ಕೆಲಸವನ್ನು ತಡೆಯುವ ಕ್ಯಾಲ್ಪಸ್ಟಾಟಿನ್ ಎಂಬ ವಸ್ತುವೂ ಅಲ್ಲಿಯೇ ಇರುತ್ತದೆ. ಯಾವ ತಳಿಯಲ್ಲಿ ತಡೆಯುವ ವಸ್ತು ಹೆಚ್ಚೋ ಆ ತಳಿಯ ಮಾಂಸ ಗಟ್ಟಿ.

ದನದ ಮಾಂಸವನ್ನು ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸುವ ಅಮೆರಿಕದಲ್ಲಿ ಇದನ್ನು ವಿವರವಾಗಿ ಪರೀಕ್ಷಿಸಿದ್ದಾರೆ. ನೆಬ್ರಾಸ್ಕಾ ರಾಜ್ಯದ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಅನೇಕ ತಳಿಗಳ ಹೋರಿಗಳಿಂದ ಕರುಗಳನ್ನು ಪಡೆದು, ಒಂದೇ ರೀತಿಯ ಮೇವು ಕೊಟ್ಟು ಬೆಳೆಸಿ ಹೋಲಿಸಿದರು. ಹಾಲಿಗೆ ಹೆಸರಾದ ಜರ್ಸಿಯ ಮಿಶ್ರತಳಿ ಕರುಗಳ ಸ್ನಾಯುವಿನಲ್ಲಿ ಕೊಬ್ಬಿನ ಗೆರೆಗಳು ಚೆನ್ನಾಗಿ ಮೂಡಿದ್ದವು. ಡುಬ್ಬವಿರುವ ಬ್ರಾಹ್ಮನ್ ಮತ್ತು ನಮ್ಮ ಉಪಖಂಡದ ಸಾಹಿವಾಲ್ ತಳಿಯ ಮಿಶ್ರ ಕರುಗಳ ಮಾಂಸ ಉಳಿದವುಗಳಿಗಿಂತ ಗಟ್ಟಿಯಾಗಿತ್ತು. ಮೇವು ಒಂದೇ, ಆರೈಕೆ ಒಂದೇ. ಬೇರೆಯಾಗಿದ್ದುದು ವಂಶ. ಕ್ಯಾಲ್ಪಸ್ಟಾಟಿನ್ ಹೆಚ್ಚಾಗಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನಂತರ ತಿಳಿಯಿತು.

ಕುರಿಯಲ್ಲಿ ಇದಕ್ಕಿಂತ ಸೋಜಿಗದ ಉದಾಹರಣೆಯಿದೆ. 1983ರಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯದ ಡಾರ್ಸೆಟ್ ಕುರಿ ಹಿಂಡೊಂದರಲ್ಲಿ ಅಸಾಧಾರಣವಾಗಿ ದಪ್ಪ ತೊಡೆಯ ಟಗರು ಮರಿ ಹುಟ್ಟಿತು. ಅದರ ಸಂತಾನದಲ್ಲಿಯೂ ಆ ಗುಣ ಕಾಣಿಸಿತು. ಮಾಂಸ ಹೆಚ್ಚು, ಕೊಬ್ಬು ಕಡಿಮೆ. ಕುರಿ ಸಾಕುವವರಿಗೆ ಚಿನ್ನ ಸಿಕ್ಕಂತಾಯಿತು. ಆದರೆ ಬೇಯಿಸಿ ನೋಡಿದಾಗ ಬೆನ್ನಿನ ಮಾಂಸ ರಬ್ಬರಿನಂತೆ ಗಟ್ಟಿಯಾಗಿತ್ತು. ದಪ್ಪ ತೊಡೆಯ ಜೊತೆಗೆ ಕ್ಯಾಲ್ಪಸ್ಟಾಟಿನ್ ಕೂಡ ಹೆಚ್ಚಿತ್ತು. ಕಣ್ಣಿಗೆ ಕಾಣುವ ಗಾತ್ರವನ್ನೇ ನಂಬಿ ಟಗರು ಆರಿಸುವವರಿಗೆ ಇದೊಂದು ಎಚ್ಚರಿಕೆ.

ವಾಸನೆಗೆ ಕಾರಣ: ವಯಸ್ಸು, ಲಿಂಗ, ಮೇವು

ರುಚಿಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಒಂದೇ ವಯಸ್ಸು, ಒಂದೇ ಮೇವು, ಒಂದೇ ಮಟ್ಟದ ಕೊಬ್ಬು ಇರುವ ಕುರಿಗಳನ್ನು ಹೋಲಿಸಿದಾಗ, ವಾಸನೆಯಲ್ಲಿ ತಳಿ ತರುವ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು. ಇಲ್ಲಿ ವಯಸ್ಸು, ಲಿಂಗ ಮತ್ತು ಮೇವಿನ ಪ್ರಭಾವವೇ ಹೆಚ್ಚು.

ಕುರಿ ಮಾಂಸದ ವಿಶಿಷ್ಟ ವಾಸನೆಗೆ ಅದರ ಕೊಬ್ಬಿನಲ್ಲಿರುವ, ಕವಲೊಡೆದ ರಚನೆಯ ಕೆಲವು ಕೊಬ್ಬಿನಾಮ್ಲಗಳು ಕಾರಣ. ಎಳೆಯ ಮರಿಯಲ್ಲಿ ಇವು ಅಲ್ಪ. ವಯಸ್ಸಾದಂತೆ, ಅದರಲ್ಲಿಯೂ ಟಗರು ಬೆದೆಗೆ ಬಂದ ಮೇಲೆ, ಇವು ಹೆಚ್ಚುತ್ತವೆ. ಒಂದು ವರ್ಷದೊಳಗಿನ ಬೇರೆ ತಳಿಯ ಮರಿಯ ಮಾಂಸ ಮೂರು ವರ್ಷದ ಬಂಡೂರು ಟಗರಿನ ಮಾಂಸಕ್ಕಿಂತ ಮೃದುವಾಗಿಯೂ ಹಿತವಾಗಿಯೂ ಇರುತ್ತದೆ. ತಳಿಯ ಹೆಸರು ವಯಸ್ಸನ್ನು ಮುಚ್ಚಲಾರದು.

ಕುರಿಯ ವಯಸ್ಸನ್ನು ಹಲ್ಲಿನಿಂದ ತಿಳಿಯುವುದು ನಿಮಗೆ ಗೊತ್ತಿದೆ. ಕೆಳದವಡೆಯ ಮುಂಭಾಗದಲ್ಲಿ ಎಂಟೂ ಹಾಲು ಹಲ್ಲುಗಳಿದ್ದರೆ ಅದಿನ್ನೂ ಮರಿ. ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ ದಾಟಿದೆ. ನಾಲ್ಕು ಹಲ್ಲಿಗೆ ಸುಮಾರು ಎರಡು ವರ್ಷ. ಎಂಟೂ ಬಿದ್ದು ಹುಟ್ಟಿ ಬಾಯಿ ತುಂಬಿದ್ದರೆ ಮೂರೂವರೆಯಿಂದ ನಾಲ್ಕು ವರ್ಷ. ಮಾಂಸಕ್ಕಾಗಿ ಸಾಕಿದ್ದನ್ನು ಎರಡು ಹಲ್ಲು ಬರುವ ಮೊದಲು ಮಾರುವುದು ಒಳ್ಳೆಯದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ 3 ರಿಂದ 4 ತಿಂಗಳಲ್ಲಿ ಪಶುವೈದ್ಯರಿಂದ ಬೀಜ ಒಡೆಸಿದರೆ ಟಗರು ವಾಸನೆ ಕಡಿಮೆಯಾಗುತ್ತದೆ. ಅದಕ್ಕೆ ಮೊದಲೇ ಮಾರುವುದಾದರೆ ಬೀಜ ಒಡೆಸುವ ಅವಶ್ಯಕತೆಯಿಲ್ಲ. ಒಡೆಸದ ಮರಿ ಬೇಗ ಬೆಳೆಯುತ್ತದೆ.

ಮಳವಳ್ಳಿ ಸೀಮೆಯ ಹುಲ್ಲಿನಿಂದಲೇ ಬಂಡೂರು ಕುರಿಗೆ ರುಚಿ ಬರುತ್ತದೆ ಎಂದು ಹಲವರು ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಮೇವಿನ ಗುಣ ಕೊಬ್ಬಿಗೆ ಇಳಿಯುತ್ತದೆ. ಬರೀ ಕುದುರೆಮೆಂತೆ ತಿಂದ ಕುರಿಯ ಮಾಂಸದ ವಾಸನೆ ಹುಲ್ಲು ತಿಂದದ್ದಕ್ಕಿಂತ ಗಾಢ. ಎಲೆಕೋಸಿನ ಜಾತಿಯ ಸೊಪ್ಪುಗಳೂ ವಾಸನೆ ಬಿಡುತ್ತವೆ. ಮಾರುವ ಎರಡು ಮೂರು ವಾರಗಳ ಮೊದಲು ಇವನ್ನು ನಿಲ್ಲಿಸಿ ಸಾಮಾನ್ಯ ಹುಲ್ಲು, ಕಾಳಿನ ಹೊಟ್ಟು ಕೊಟ್ಟರೆ ಈ ದೋಷ ಬಹಳ ಮಟ್ಟಿಗೆ ಹೋಗುತ್ತದೆ.

ಮೈತುಂಬಿಸುವ ಮೇವು

ಮೂರು ತಿಂಗಳಿಗೆ ಹಾಲು ಬಿಟ್ಟ ಮರಿ ಬರೀ ಮೇಯುವುದರಿಂದ ಹದಕ್ಕೆ ಬರಲಾರದು. ಬೇಸಿಗೆಯಲ್ಲಿ ಸೊರಗಿ ಮಳೆಗಾಲದಲ್ಲಿ ಚೇತರಿಸಿಕೊಳ್ಳುತ್ತಾ ಹೋದರೆ ತೂಕ ಬರುವಷ್ಟರಲ್ಲಿ ವಯಸ್ಸಾಗಿರುತ್ತದೆ, ಮಾಂಸ ನಾರಾಗಿರುತ್ತದೆ. ಒಳ್ಳೆಯ ತಳಿಯ ಗುಣ ಹಸಿದ ಹೊಟ್ಟೆಯಲ್ಲಿ ಹೊರಬರುವುದಿಲ್ಲ.

ಮಂಡ್ಯ, ಮೈಸೂರು ಭಾಗದ ರೈತರಿಗೆ ಮನೆಯಲ್ಲಿಯೇ ಮೇವಿದೆ. ಅಗಸೆ ಸೊಪ್ಪು, ಹುರುಳಿ ಹೊಟ್ಟು, ಅವರೆ ಹೊಟ್ಟು, ರೇಷ್ಮೆ ಹುಳು ತಿಂದು ಉಳಿದ ಹಿಪ್ಪುನೇರಳೆ ಸೊಪ್ಪು ಇವೆಲ್ಲ ಕುರಿಗೆ ಉತ್ತಮ ಆಹಾರ. ಇದರ ಜೊತೆಗೆ ಕೆಳಗಿನ ಮಿಶ್ರಣವನ್ನು ಮನೆಯಲ್ಲಿಯೇ ತಯಾರಿಸಿ ಕೊಡಬಹುದು.

ಮೆಕ್ಕೆಜೋಳದ ನುಚ್ಚು: 45 ಭಾಗ
ಕಡಲೆಕಾಯಿ ಹಿಂಡಿ: 20 ಭಾಗ
ಗೋಧಿ ಬೂಸಾ ಅಥವಾ ತೌಡು: 32 ಭಾಗ
ಕುರಿಗಳ ಖನಿಜ ಮಿಶ್ರಣ: 2 ಭಾಗ
ಉಪ್ಪು: 1 ಭಾಗ

ಮೊದಲ ದಿನ ಮರಿಗೆ 50 ಗ್ರಾಂ ಕೊಟ್ಟು, ಹತ್ತು ಹನ್ನೆರಡು ದಿನಗಳಲ್ಲಿ ನಿಧಾನವಾಗಿ 250 ಗ್ರಾಂಗೆ ಏರಿಸಿ. ಒಮ್ಮೆಲೇ ಹೆಚ್ಚು ಕಾಳು ಹಾಕಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಮರಿ ಸಾಯಬಹುದು. ಕರುಳು ಬೇನೆಗೂ ಇದು ದಾರಿ. ಆದ್ದರಿಂದ ಕಾಳಿನ ಮೇವು ಪ್ರಾರಂಭಿಸುವ ಮೊದಲೇ ಕರುಳು ಬೇನೆಯ ಲಸಿಕೆ ಹಾಕಿಸಿ. ದನಗಳಿಗೆಂದು ತಯಾರಿಸಿದ ಖನಿಜ ಮಿಶ್ರಣದಲ್ಲಿ ತಾಮ್ರ ಹೆಚ್ಚಿರಬಹುದು. ಕುರಿಗೆ ಅದು ವಿಷವಾಗುವುದರಿಂದ ಕುರಿಗೆಂದೇ ಇರುವುದನ್ನು ಕೊಳ್ಳಿ. ಶುದ್ಧ ನೀರು ಸದಾ ಇರಲಿ. ನೀರು ಸಾಲದಿದ್ದರೆ ಕಾಳು ತಿನ್ನುವ ಟಗರು ಮರಿಗಳಲ್ಲಿ ಮೂತ್ರ ಕಟ್ಟುವ ತೊಂದರೆ ಬರುತ್ತದೆ. ಜಂತುನಾಶಕ ಇಲ್ಲವೇ ಬೇರೆ ಔಷಧಿ ಕೊಟ್ಟಿದ್ದರೆ ಅದರ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಮಾಂಸಕ್ಕೆ ಮಾರಬೇಡಿ.

ಮರಿ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ವ್ಯಾಪಾರಿ ಮಾಡುವುದನ್ನೇ ನೀವೂ ಮಾಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಕೈಯಿಡಿ. ಬೆನ್ನೆಲುಬಿನ ತುದಿ ಗರಗಸದಂತೆ ಕೈಗೆ ಚುಚ್ಚಿದರೆ ಮರಿ ಬಡವಾಗಿದೆ. ಒತ್ತಿದಾಗ ಮಾತ್ರ ಮೂಳೆ ಸಿಕ್ಕಿ, ಮೇಲೆ ನುಣುಪಾಗಿ ತುಂಬಿದ್ದರೆ ಹದವಾಗಿದೆ. ಎಷ್ಟು ಒತ್ತಿದರೂ ಮೂಳೆ ಸಿಗದಿದ್ದರೆ ಕೊಬ್ಬು ಮಿತಿಮೀರಿದೆ, ಅಲ್ಲಿಂದ ಮುಂದೆ ಹಾಕುವ ಮೇವು ದಂಡ.

ಕೊನೆಯ ದಿನದ ಎಚ್ಚರಿಕೆ

ವರ್ಷದ ಶ್ರಮ ಒಂದೇ ದಿನದಲ್ಲಿ ಹಾಳಾಗಬಹುದು. ಬದುಕಿರುವ ಪ್ರಾಣಿಯ ಸ್ನಾಯುವಿನ ರಸಸಾರ ಸುಮಾರು 7 ಇರುತ್ತದೆ. ಕೊಯ್ದ ಬಳಿಕ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಂತಹ ವಸ್ತು ಹುಳಿಯಾಗಿ ಮಾರ್ಪಟ್ಟು, ರಸಸಾರ 5.5 ರಿಂದ 5.8ಕ್ಕೆ ಇಳಿಯುತ್ತದೆ. ಹೀಗಾದ ಮಾಂಸ ಒಳ್ಳೆಯ ಕೆಂಪು ಬಣ್ಣದ್ದಾಗಿರುತ್ತದೆ, ಬೇಗ ಕೆಡುವುದಿಲ್ಲ. ಕುರಿಯನ್ನು ಹೊತ್ತು ಹೊತ್ತು ಉಪವಾಸ ಕೆಡವಿ, ಬಿಸಿಲಿನಲ್ಲಿ ವಾಹನದೊಳಗೆ ತುಂಬಿ, ಹೆದರಿಸಿ ಓಡಿಸಿದರೆ ಆ ಸಕ್ಕರೆಯೆಲ್ಲ ಮೊದಲೇ ತೀರಿರುತ್ತದೆ. ರಸಸಾರ 6ಕ್ಕಿಂತ ಮೇಲೆಯೇ ಉಳಿದು ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ. ಯಾವ ಉತ್ತಮ ತಳಿಯೂ ಇದಕ್ಕೆ ಹೊರತಲ್ಲ.

ಆದ್ದರಿಂದ ಕುರಿಯನ್ನು ಕಾಲು, ಕಿವಿ, ಕೂದಲು ಹಿಡಿದು ಎಳೆಯಬೇಡಿ. ಹಿಡಿದ ಕಡೆ ರಕ್ತ ಹೆಪ್ಪುಗಟ್ಟಿ ಮಾಂಸ ಹಾಳಾಗುತ್ತದೆ. ತಂಪು ಹೊತ್ತಿನಲ್ಲಿ ಸಾಗಿಸಿ. ಕೊಯ್ಯುವ ಮೊದಲು ನೆರಳು, ನೀರು, ವಿಶ್ರಾಂತಿ ಸಿಗಲಿ. ಇನ್ನು ಮನೆಯ ಮಾತು. ಬಿಸಿ ಆರದ ಮಾಂಸವನ್ನು ಕೂಡಲೇ ಫ್ರಿಜ್ಜಿನ ಹಿಮದ ಅರೆಯಲ್ಲಿಟ್ಟರೆ ಸ್ನಾಯು ಮುದುರಿ ಗಟ್ಟಿಯಾಗುತ್ತದೆ. ಚಿಕ್ಕ ಮೈಯ, ಹೊರಗೊಬ್ಬು ತೆಳುವಾಗಿರುವ ಕುರಿಗಳ ಮಾಂಸದಲ್ಲಿ ಈ ದೋಷ ಹೆಚ್ಚು. ಕೆಲವು ಗಂಟೆ ಸಾಧಾರಣ ತಂಪಿನಲ್ಲಿಟ್ಟು ನಂತರ ಹಿಮಕ್ಕೆ ಸೇರಿಸಬೇಕು.

ತಳಿ ಕೈತಪ್ಪುವುದು ಹೇಗೆ?

ಇಲ್ಲಿಯವರೆಗೆ ಹೇಳಿದ್ದರ ಸಾರ ಇಷ್ಟು: ತಳಿ ಶಕ್ತಿಯನ್ನು ಕೊಡುತ್ತದೆ, ಆ ಶಕ್ತಿ ಹೊರಬರುವುದು ವಯಸ್ಸು, ಮೇವು ಮತ್ತು ಆರೈಕೆಯಿಂದ. ಮೇವಿನಲ್ಲಿ ಮಾಡಿದ ತಪ್ಪನ್ನು ಮುಂದಿನ ವರ್ಷ ತಿದ್ದಿಕೊಳ್ಳಬಹುದು. ತಳಿಯಲ್ಲಿ ಮಾಡಿದ ತಪ್ಪನ್ನು ತಿದ್ದಲು ಹಲವು ತಲೆಮಾರು ಬೇಕು. ಇಂದು ಬಂಡೂರು ತಳಿಗೆ ಇರುವ ಅಪಾಯ ಇದೇ.

ರಾಗಿ ಬೆಳೆಯುವ ರೈತ ಕಣದಲ್ಲಿ ಅತ್ಯುತ್ತಮ ತೆನೆಗಳನ್ನು ಆರಿಸಿ ಬಿತ್ತನೆಗೆ ಎತ್ತಿಡುತ್ತಾನೆ. ಅದೇ ರೈತ ಕುರಿಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಾನೆ. ಹಿಂಡಿನಲ್ಲಿ ಹುಟ್ಟಿದ ಅತ್ಯಂತ ದುಂಡನೆಯ, ಬೇಗ ಮೈತುಂಬಿದ ಟಗರು ಮರಿಗೆ ಎಲ್ಲಕ್ಕಿಂತ ಮೊದಲು ಗಿರಾಕಿ ಬರುತ್ತಾನೆ. ಹಬ್ಬದ ಕಾಲದಲ್ಲಂತೂ ಬಾಯಿಗೆ ಬಂದ ಬೆಲೆ. ರೈತ ಮಾರಿಬಿಡುತ್ತಾನೆ. ಯಾರೂ ಕೇಳದ, ಬಡಕಲು ಮರಿ ಹಿಂಡಿನಲ್ಲಿ ಉಳಿಯುತ್ತದೆ. ವರ್ಷ ತುಂಬುವಷ್ಟರಲ್ಲಿ ಅದೇ ಹಿಂಡಿನ ಬೀಜದ ಟಗರಾಗುತ್ತದೆ. ಹೀಗೆ ವರ್ಷ ವರ್ಷವೂ ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಬಿತ್ತಿದರೆ ಯಾವ ತಳಿ ಉಳಿದೀತು?

ಎರಡನೆಯ ಅಪಾಯ ಮಿಶ್ರಣ. ತೂಕ ಹೆಚ್ಚು ಬರಲೆಂದು ಹೊರಗಿನ ದೊಡ್ಡ ಜಾತಿಯ ಟಗರನ್ನು ಹಿಂಡಿಗೆ ಬಿಡುತ್ತಾರೆ. ಹುಟ್ಟಿದ ಮರಿ ಬಿಳಿಯಾಗಿದ್ದರೆ ಬಂಡೂರು ಎಂದೇ ಮಾರಾಟವಾಗುತ್ತದೆ. ಕೊಂಡವನು ಮನೆಗೆ ಹೋಗಿ ಬೇಯಿಸಿದಾಗ ಹೆಸರಿಗೆ ತಕ್ಕ ರುಚಿ ಸಿಗುವುದಿಲ್ಲ. ಎರಡು ಸಲ ಮೋಸಹೋದ ಗಿರಾಕಿ ಮೂರನೆಯ ಸಲ ನಿಜವಾದ ಬಂಡೂರು ಮರಿಗೂ ಹೆಚ್ಚಿನ ಬೆಲೆ ಕೊಡಲು ಹಿಂಜರಿಯುತ್ತಾನೆ. ನಷ್ಟ ಶುದ್ಧ ತಳಿ ಸಾಕಿದ ರೈತನಿಗೆ.

ಬೀಜದ ಟಗರು ಅರ್ಧ ಹಿಂಡು

ಒಂದು ಹೆಣ್ಣು ಕುರಿ ವರ್ಷಕ್ಕೆ ಒಂದು ಮರಿಗೆ ತನ್ನ ಗುಣ ಕೊಟ್ಟರೆ, ಒಂದು ಟಗರು 25 ರಿಂದ 30 ಮರಿಗಳಿಗೆ ಕೊಡುತ್ತದೆ. ಆದ್ದರಿಂದ ಹಿಂಡಿನ ಸುಧಾರಣೆಯಲ್ಲಿ ಟಗರಿನ ಆಯ್ಕೆಯೇ ಮೊದಲ ಹೆಜ್ಜೆ. ಈ ಅಂಶಗಳನ್ನು ಗಮನಿಸಿ:

1. ಆಯಾ ವರ್ಷ ಹುಟ್ಟಿದ ಟಗರು ಮರಿಗಳಲ್ಲಿ ಅತ್ಯುತ್ತಮವಾದ ಎರಡನ್ನು ಗುರುತುಮಾಡಿ, ಎಷ್ಟು ಬೆಲೆ ಬಂದರೂ ಒಂದು ವರ್ಷದವರೆಗೆ ಮಾರಬೇಡಿ. ನಂತರ ಎರಡರಲ್ಲಿ ಉತ್ತಮವಾದುದನ್ನು ಉಳಿಸಿಕೊಂಡು ಇನ್ನೊಂದನ್ನು ಮಾರಿ.

2. ಬಣ್ಣವೊಂದನ್ನೇ ನೋಡಬೇಡಿ. ಗಿಡ್ಡ ಕಾಲು, ಅಗಲ ಬೆನ್ನು, ಹಿಂದಿನಿಂದ ಕಾಣುವ ಲಾಳದ ಆಕಾರ, ಕೊಂಬಿಲ್ಲದ ತಲೆ, ಜೋಲುವ ಅಗಲ ಕಿವಿ ಇವುಗಳನ್ನು ನೋಡಿ. ತಾಯಿಯ ಹಾಲು ಹೇಗಿತ್ತು, ಮರಿ ಎಷ್ಟು ದಿನಕ್ಕೆ ಎಷ್ಟು ತೂಕ ಬಂತು ಎಂಬುದನ್ನು ಬರೆದಿಡಿ.

3. ಒಂದೂವರೆ ವರ್ಷ ತುಂಬಿದ ಟಗರನ್ನೇ ಪೂರ್ಣವಾಗಿ ಬಳಸಿ. ಒಂದು ಟಗರಿಗೆ 25 ರಿಂದ 30 ಹೆಣ್ಣು ಕುರಿಗಳು ಸಾಕು.

4. ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಿಸಿ. ಇಲ್ಲದಿದ್ದರೆ ಅದು ತನ್ನ ಹೆಣ್ಣುಮರಿಗಳನ್ನೇ ಕೂಡುತ್ತದೆ. ಒಳಸಂತಾನದ ಮರಿಗಳು ಹುಟ್ಟುವಾಗಲೇ ಕಡಿಮೆ ತೂಕವಿದ್ದು ಹೆಚ್ಚು ಸಾಯುತ್ತವೆ. ಊರಿನಲ್ಲಿ ನಾಲ್ಕೈದು ಮಂದಿ ಸೇರಿ ತಲಾ ಒಂದು ಒಳ್ಳೆಯ ಟಗರು ಇಟ್ಟುಕೊಂಡು ಸರದಿಯಂತೆ ಬದಲಾಯಿಸಿಕೊಂಡರೆ ಖರ್ಚಿಲ್ಲದೆ ಈ ಕೆಲಸವಾಗುತ್ತದೆ.

ಶುದ್ಧ ತಳಿಯ ಟಗರು ಬೇಕಾದವರು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿರುವ ಸರ್ಕಾರಿ ಕುರಿ ಸಂವರ್ಧನಾ ಕ್ಷೇತ್ರವನ್ನಾಗಲಿ, ಹತ್ತಿರದ ಪಶು ಆಸ್ಪತ್ರೆಯನ್ನಾಗಲಿ ವಿಚಾರಿಸಬಹುದು.

ಮಿಶ್ರತಳಿ ಬೇಡವೇ ಬೇಡವೆಂದು ಇದರ ಅರ್ಥವಲ್ಲ. ಬಂಡೂರು ಮತ್ತು ನೆಲ್ಲೂರು ಕುರಿಗಳನ್ನು ಡಾರ್ಸೆಟ್, ಸಫೋಕ್ ಎಂಬ ವಿದೇಶಿ ಮಾಂಸದ ತಳಿಗಳೊಂದಿಗೆ ಕೂಡಿಸುವ ಪ್ರಯೋಗಗಳು ಆಂಧ್ರದ ಪಲಮನೇರಿನಲ್ಲಿ 1970ರ ದಶಕದಲ್ಲಿಯೇ ನಡೆದಿವೆ. ತೂಕಕ್ಕೆ ಮಾತ್ರ ಬೆಲೆ ಸಿಗುವ ಕಡೆ ಮಿಶ್ರಮರಿ ಲಾಭ ತರಬಹುದು. ಆದರೆ ಒಂದು ನಿಯಮ ಪಾಲಿಸಬೇಕು. ಹಿಂಡಿನ ಒಳ್ಳೆಯ ಹೆಣ್ಣು ಕುರಿಗಳನ್ನು ಶುದ್ಧ ಬಂಡೂರು ಟಗರಿಗೇ ಬಿಡಿ. ಉಳಿದವನ್ನು ಮಾತ್ರ ಬೇರೆ ತಳಿಗೆ ಕೂಡಿಸಿ, ಹುಟ್ಟಿದ ಮರಿಗಳನ್ನೆಲ್ಲ, ಹೆಣ್ಣಾದರೂ ಗಂಡಾದರೂ, ಮಾಂಸಕ್ಕೇ ಮಾರಿ. ಮಿಶ್ರತಳಿ ಎಂದು ಹೇಳಿಯೇ ಮಾರಿ. ಚಿಕ್ಕ ಮೈಯ ಹೆಣ್ಣು ಕುರಿಗೆ ಬಹು ದೊಡ್ಡ ಜಾತಿಯ ಟಗರನ್ನು ಬಿಟ್ಟರೆ ಈಯುವಾಗ ತೊಂದರೆಯಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಸಂತೆಯಲ್ಲಿ ನಿಮ್ಮ ಮರಿಯ ಸೊಂಟದ ಮೇಲೆ ಕೈಯಿಟ್ಟ ವ್ಯಾಪಾರಿ ಕೊಡುವ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ನಿಮ್ಮ ಮೇವಿನದು, ಒಂದು ಪಾಲು ಆರೈಕೆಯದು. ಇನ್ನೊಂದು ಪಾಲು ನಿಮ್ಮ ಹಿರಿಯರು ಹಲವು ತಲೆಮಾರು ಆರಿಸಿ ಉಳಿಸಿದ ಟಗರುಗಳದು. ಮೊದಲೆರಡನ್ನು ಪ್ರತಿ ವರ್ಷ ನೀವು ಹೊಸದಾಗಿ ಸಂಪಾದಿಸಬಹುದು. ಮೂರನೆಯದು ಕೈಬಿಟ್ಟರೆ ಯಾವ ಸಂತೆಯಲ್ಲಿಯೂ ಮತ್ತೆ ಸಿಗುವುದಿಲ್ಲ. ಈ ಸಲ ಅತ್ಯುತ್ತಮ ಮರಿಗೆ ಗಿರಾಕಿ ಬಂದಾಗ, ಅದನ್ನು ಒಳಗೆ ಕಟ್ಟಿ ಎರಡನೆಯದನ್ನು ತೋರಿಸಿ.